ಹೊಳಪು ಆಮೇಲೆ ನೋಡಿ, ಮೊದಲು ಒಳಗೆ ಕೈ ಹಾಕಿ: ಗಂಡಸರ ಕಪ್ಪು ಫಾರ್ಮಲ್ ಶೂ ಆರಿಸುವ ಸಮಗ್ರ ಮಾರ್ಗದರ್ಶಿ

ತಂಗಿಯ ಮದುವೆ ಕೊಪ್ಪಳದಲ್ಲಿ ಇತ್ತು. ಬೀಗರನ್ನು ಬರಮಾಡಿಕೊಳ್ಳಲು ಕಲ್ಯಾಣಮಂಟಪದ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೊರಗೆ ನಾಲ್ಕು ಸಲ ಓಡಾಡಿದ್ದೆನೋ ಇಲ್ಲವೋ, ಸೋದರಮಾವ ತಡೆದು, "ತಮ್ಮಾ, ನಿನ್ನ ಕಾಲಾಗಿಂದ ಏನೋ ಉದುರಾಕತ್ತೈತಲ್ಲೋ" ಅಂದರು. ತಿರುಗಿ ನೋಡಿದರೆ ನಾನು ನಡೆದ ದಾರಿಯುದ್ದಕ್ಕೂ ಕಪ್ಪು ಪುಡಿ. ಎಡಗಾಲಿನ ಸೋಲ್ ಕಡಕ್ ರೊಟ್ಟಿ ಹಿಚುಕಿದ ಹಾಗೆ ಚೂರುಚೂರಾಗಿ ಬೀಳುತ್ತಿತ್ತು. ಮೂರು ವರ್ಷದ ಹಿಂದೆ ಒಳ್ಳೇ ದುಡ್ಡು ಕೊಟ್ಟು ತಂದ ಶೂ ಅದು. ಒಟ್ಟು ನಾಲ್ಕು ಸಲ ಹಾಕಿದ್ದೆ, ಉಳಿದ ಕಾಲವೆಲ್ಲ ಡಬ್ಬದೊಳಗೆ ಅಟ್ಟದ ಮೇಲೆ ಜೋಪಾನವಾಗಿತ್ತು. ಅವತ್ತು ಚಿಕ್ಕಪ್ಪನ ಮಗನ ಚಪ್ಪಲಿ ಹಾಕಿಕೊಂಡೇ ತಂಗಿಯ ಧಾರೆಗೆ ನಿಂತೆ.

ನಾನು ಬಳ್ಳಾರಿಯವನು, ಹದಿನಾಲ್ಕು ವರ್ಷದಿಂದ ಮೆಡಿಕಲ್ ರೆಪ್. ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ರಾಯಚೂರು, ಗಂಗಾವತಿ, ಕೊಪ್ಪಳ ನನ್ನ ಸುತ್ತು. ಕಪ್ಪು ಶೂ ನಮ್ಮ ಕೆಲಸದ ಉಡುಪಿನ ಭಾಗ. ದಿನಕ್ಕೆ ಒಂಬತ್ತು ಹತ್ತು ತಾಸು ಕಾಲಲ್ಲಿರುತ್ತದೆ. ಅದರಲ್ಲಿ ಅರ್ಧ ಹೊತ್ತು ಡಾಕ್ಟರ ಬಾಗಿಲ ಮುಂದೆ ನಿಂತೇ ಕಳೆಯುತ್ತೇವೆ. ಬ್ಯಾಂಕಿನವರು, ವಕೀಲರು, ಕಾಲೇಜಿನ ಮೇಷ್ಟ್ರುಗಳು, ಹೋಟೆಲಿನ ರಿಸೆಪ್ಷನ್ ಹುಡುಗರು, ಎಲ್ಲರ ಪಾಡೂ ಇದೇ. ಆದರೂ ಶೂ ಕೊಳ್ಳುವಾಗ ನಾವು ನೋಡುವುದು ಎರಡೇ: ಮೇಲಿನ ಹೊಳಪು, ಡಬ್ಬದ ಮೇಲಿನ ಬೆಲೆ. ಮದುವೆಯ ಆ ದಿನದ ನಂತರ ನಾನು ಒಂದೊಂದಾಗಿ ಕಲಿತದ್ದನ್ನು ಅಂಗಡಿಯಲ್ಲಿ ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಬಿಸಿಲಿಗೆ ಶೂ ಬಾಳುವುದೂ ಕಾಲು ಸುಖವಾಗಿರುವುದೂ ಅದರ ಹೊರಗಿಗಿಂತ ಒಳಗಿನ ಮೇಲೆ ನಿಂತಿದೆ.

ಹಂತ 1: ಮನೆಯಲ್ಲೇ ಪಾದ ಅಳೆಯಿರಿ

ಸಂಜೆ ಹೊತ್ತು ಒಂದು ದೊಡ್ಡ ಹಾಳೆಯನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಹಾಸಿ. ಹಿಮ್ಮಡಿ ಗೋಡೆಗೆ ತಾಗುವ ಹಾಗೆ ನಿಂತುಕೊಂಡು, ಇನ್ನೊಬ್ಬರ ಕೈಲಿ ಪೆನ್ಸಿಲ್ ನೆಟ್ಟಗೆ ಹಿಡಿಸಿ ಪಾದದ ಸುತ್ತ ಗೆರೆ ಎಳೆಸಿ. ಕುಳಿತು ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಮೈಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹಿಗ್ಗುತ್ತದೆ. ಬೆಳಿಗ್ಗೆ ಅಳೆದರೂ ತಪ್ಪೇ. ಇಡೀ ದಿನ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಲ್ಲಂತೂ ಕಣ್ಣಿಗೇ ಕಾಣುವಷ್ಟು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕೂತ ಶೂ ಸಂಜೆ ಐದಕ್ಕೆ ಕಚ್ಚುವುದು ಇದರಿಂದಲೇ. ಅಂಗಡಿಗೂ ಸಂಜೆಯೇ ಹೋಗಿ, ದಿನಾ ಹಾಕುವ ಕಾಲುಚೀಲ ಹಾಕಿಕೊಂಡೇ ಹೋಗಿ.

ಎರಡೂ ಪಾದ ಅಳೆಯಿರಿ. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ. ಶೂ ಆರಿಸುವುದು ದೊಡ್ಡ ಪಾದಕ್ಕೆ. ಚಿಕ್ಕ ಪಾದದ ಕಡೆ ಸಡಿಲವಾದರೆ ಒಳಗೊಂದು ತೆಳು ಪದರ ಹಾಕಿ ಸರಿ ಮಾಡಬಹುದು, ಬಿಗಿಯಾದದ್ದನ್ನು ಸರಿ ಮಾಡುವುದು ಕಷ್ಟ.

ಉದ್ದದ ಜೊತೆಗೆ ಅಗಲವನ್ನೂ ಬರೆದಿಟ್ಟುಕೊಳ್ಳಿ. ಹೆಬ್ಬೆರಳ ಬುಡದ ಗೆಣ್ಣಿನಿಂದ ಕಿರುಬೆರಳ ಬುಡದವರೆಗೆ ಪಾದದ ಅತಿ ಅಗಲದ ಜಾಗ ಅದು. ನಮ್ಮ ಕಡೆ ಇದಕ್ಕೆ ಮಹತ್ವ ಹೆಚ್ಚು. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರ ಪಾದ ಮುಂಭಾಗದಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಅಂಥ ಪಾದಕ್ಕೆ ಮೂತಿ ಚೂಪಾದ ಶೂ ಹಾಕಿದರೆ ಕಿರುಬೆರಳ ಮೇಲೆ ಆಣಿ ಖಚಿತ. ಆಗ ಅಂಗಡಿಯ ಹುಡುಗ "ಒಂದು ನಂಬರ್ ದೊಡ್ಡದು ತಗೊಳ್ರಿ ಸರ್" ಅನ್ನುತ್ತಾನೆ. ಅದು ತಪ್ಪು ಪರಿಹಾರ. ನಂಬರ್ ದೊಡ್ಡದಾದರೆ ಉದ್ದ ಹೆಚ್ಚುತ್ತದೆ, ಹಿಮ್ಮಡಿ ಜಾರುತ್ತದೆ, ಶೂ ಮಡಚುವ ಜಾಗವೇ ಮುಂದಕ್ಕೆ ಹೋಗುತ್ತದೆ. ನಮಗೆ ಬೇಕಾದದ್ದು ಅಗಲ. ಬ್ರಿಟಿಷ್ ಪದ್ಧತಿಯಲ್ಲಿ ಗಂಡಸರ ಶೂಗೆ ಸಾಮಾನ್ಯವಾಗಿ ಎಫ್ ಸಾಧಾರಣ ಅಗಲ, ಜಿ ಅದಕ್ಕಿಂತ ಅಗಲ, ಎಚ್ ಇನ್ನೂ ಅಗಲ. ಕೆಲವು ಡಬ್ಬಗಳ ಮೇಲೆ, ಶೂ ನಾಲಗೆಯ ಒಳಗೆ ಈ ಅಕ್ಷರ ಇರುತ್ತದೆ. ಇಲ್ಲದಿದ್ದರೆ ಮೂತಿ ದುಂಡಗಿರುವ ಮಾದರಿ ಕೇಳಿ. ಹಾಳೆಯ ಮೇಲೆ ಎಳೆದ ಪಾದದ ಚಿತ್ರವನ್ನು ಕತ್ತರಿಸಿಕೊಂಡು ಶೂ ಅಡಿಗೆ ಹಿಡಿದು ನೋಡಿದರೂ ಸಾಕು: ಚಿತ್ರ ಸೋಲಿನ ಅಂಚು ದಾಟಿ ಹೊರಗೆ ಕಾಣುತ್ತಿದ್ದರೆ ಆ ಶೂ ನಿಮ್ಮದಲ್ಲ.

ನಂಬರಿನ ಲೆಕ್ಕ: ನಮ್ಮಲ್ಲಿ ನಡೆಯುವ 7, 8, 9 ಬ್ರಿಟಿಷ್ ಅಳತೆಗಳು. ಒಂದೊಂದು ನಂಬರಿಗೂ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ವ್ಯತ್ಯಾಸ. 41, 42 ಅನ್ನುವ ಯುರೋಪಿನ ಅಳತೆಯಲ್ಲಿ ಒಂದು ನಂಬರಿಗೆ ಸುಮಾರು 6.7 ಮಿ.ಮೀ. ಹಾಗಾಗಿ ಎರಡೂ ಪದ್ಧತಿ ಪೂರ್ತಿ ತಾಳೆಯಾಗುವುದಿಲ್ಲ. 8 ಎಂದರೆ 42 ಅಂತ ಹೇಳುವುದು ಅಂದಾಜು ಮಾತ್ರ. ಒಂದೊಂದು ಕಂಪನಿಯ ಅಚ್ಚು ಒಂದೊಂದು ಥರ ಇರುವುದರಿಂದ "ನನ್ನದು ಎಂಟು" ಅಂತ ಕಣ್ಣುಮುಚ್ಚಿ ತರಬೇಡಿ.

ಹಂತ 2: ಮಾದರಿ ನಿರ್ಧರಿಸಿ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಲೇಸ್ ಕಟ್ಟುವ ಎರಡು ಪಟ್ಟಿಗಳು ಮುಂದಿನ ಚರ್ಮದ ಕೆಳಗೆ ಹೊಲಿದು ಮುಚ್ಚಿಕೊಂಡಿದ್ದರೆ ಅದು ಆಕ್ಸ್‌ಫರ್ಡ್. ಪಟ್ಟಿಗಳು ಮೇಲೆ ಕೂತು ಬಿಡಿಬಿಡಿಯಾಗಿ ತೆರೆದುಕೊಂಡರೆ ಡರ್ಬಿ. ಲೇಸ್ ಇಲ್ಲದ್ದು ಲೋಫರ್. ಆಕ್ಸ್‌ಫರ್ಡ್ ನೋಡಲು ಗಂಭೀರ, ಕೋಟಿಗೆ ಒಪ್ಪುತ್ತದೆ. ಆದರೆ ಅಗಲ ಪಾದದವರಿಗೂ, ಪಾದದ ಮೇಲ್ಭಾಗ ಎತ್ತರವಿರುವವರಿಗೂ ದಿನದ ಕೆಲಸಕ್ಕೆ ಡರ್ಬಿಯೇ ವಾಸಿ, ಕಾಲು ಊದಿದಾಗ ಲೇಸ್ ಸಡಿಲಿಸಿದರೆ ಶೂ ಜಾಗ ಕೊಡುತ್ತದೆ. ಲೋಫರ್ ಹಾಕಿ ತೆಗೆಯಲು ಸುಲಭ, ಮನೆಮನೆಗೆ, ಗುಡಿಗೆ ಹೋಗುವವರಿಗೆ ಅನುಕೂಲ. ಆದರೆ ಹಿಡಿದಿಡಲು ಲೇಸ್ ಇಲ್ಲವಾದ್ದರಿಂದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಜಾರುತ್ತದೆ.

ಹಂತ 3: ಒಳಗೆ ಕೈ ಹಾಕಿ

ಮದುವೆ ಮುಗಿದ ವಾರ ಆ ಶೂವನ್ನು ಬಳ್ಳಾರಿ ಬಸ್ ನಿಲ್ದಾಣದ ಹತ್ತಿರ ಕೂತು ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರ ಒಯ್ದೆ. ಹೊಸ ಸೋಲ್ ಹಾಕಿಸೋಣ ಅಂತ. ಅವರು ತಿರುಗಿಸಿ ನೋಡಿ, ರಂಪಿಗೆ ತೆಗೆದುಕೊಂಡು ನನ್ನ ಎದುರೇ ಅಡಿಭಾಗ ಸೀಳಿದರು. ಮೇಲೆ ಉಗುರಿನಷ್ಟು ತೆಳುವಾದ ರೆಕ್ಸಿನ್ ಹಾಸು. ಅದರ ಕೆಳಗೆ ಒಂದಿಷ್ಟು ಸ್ಪಂಜು, ಪೂರ್ತಿ ಚಪ್ಪಟೆಯಾಗಿತ್ತು. ಅದರ ಕೆಳಗೆ ಕಂದು ಬಣ್ಣದ ಹಲಗೆ. ಅಜ್ಜ ಅದರ ಅಂಚನ್ನು ಹೆಬ್ಬೆರಳಿಂದ ಉಜ್ಜಿದರು, ಪದರಪದರವಾಗಿ ಬಿಚ್ಚಿಕೊಂಡಿತು. "ನೋಡಪ್ಪ ತಮ್ಮ, ಇದು ರಟ್ಟು. ಗಾಳಿ ತೇವ, ಕಾಲಿನ ಬೆವರು ಕುಡುದು ಹಿಂಗಾಗೈತಿ. ಮ್ಯಾಲೆ ಎಷ್ಟು ಪಾಲಿಶ್ ಹೊಡದ್ರೇನು, ನೀನು ನಿಲ್ಲಾದು ಇದರ ಮ್ಯಾಲೆ" ಅಂದರು. ಪಕ್ಕದಲ್ಲಿ ರಿಪೇರಿಗೆ ಬಂದಿದ್ದ ಇನ್ನೊಂದು ಹಳೇ ಶೂ ತೋರಿಸಿದರು. ಅದರ ಒಳಅಟ್ಟೆ ದಪ್ಪ ಚರ್ಮದ್ದು. ವರ್ಷಗಟ್ಟಲೆ ಬಳಸಿ ಅದರಲ್ಲಿ ಐದೂ ಬೆರಳಿನ, ಹಿಮ್ಮಡಿಯ ಅಚ್ಚು ತಗ್ಗಾಗಿ ಮೂಡಿತ್ತು, ಆದರೆ ಎಲ್ಲೂ ಬಿರಿದಿರಲಿಲ್ಲ. ಕೈಯಲ್ಲಿ ಸವರಿದರೆ ನುಣ್ಣಗೆ, ತಣ್ಣಗೆ. ಶೂ ಅನ್ನುವುದು ಏನು ಅಂತ ನನಗೆ ಗೊತ್ತಾದದ್ದು ಆ ತಗ್ಗನ್ನು ಮುಟ್ಟಿದಾಗ.

ಅಂಗಡಿಯಲ್ಲಿ ಸೀಳಿ ನೋಡಲು ಆಗುವುದಿಲ್ಲ. ಆದರೆ ಕೈ ಹಾಕಿ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ.

ಮೊದಲು ಬೆರಳುಗಳನ್ನು ಮೂತಿಯ ತುದಿಯವರೆಗೆ ತೂರಿಸಿ. ಒಳಗಿನ ಪ್ರತಿ ಹೊಲಿಗೆಯನ್ನೂ ಬೆರಳ ತುದಿಯಿಂದ ಸವರಿ. ಎಲ್ಲಾದರೂ ಗಂಟು, ದಾರದ ಕುಚ್ಚು, ಒಣಗಿದ ಗಮ್, ಒಂದರ ಮೇಲೊಂದು ಬಂದ ದಪ್ಪ ಅಂಚು ಸಿಕ್ಕರೆ ನಾಳೆ ಅಲ್ಲೇ ಬೊಬ್ಬೆ ಏಳುತ್ತದೆ. ಮುಂಭಾಗದಲ್ಲಿ ಚರ್ಮದ ಅಸ್ತರಿ (ಶೂ ಒಳಬದಿಯ ಪದರ) ಮುಗಿದು ಬಟ್ಟೆಯ ಅಸ್ತರಿ ಶುರುವಾಗುವ ಗೆರೆ ಹೆಚ್ಚಿನ ಶೂಗಳಲ್ಲಿ ಇರುತ್ತದೆ. ಆ ಗೆರೆ ಬೆರಳಿಗೆ ತಟ್ಟಬಾರದು.

ಆಮೇಲೆ ಅಸ್ತರಿ ಯಾವುದು ಅಂತ ನೋಡಿ. ಚರ್ಮದ ಅಸ್ತರಿ ಬೆವರು ಹೀರಿಕೊಂಡು ಆಮೇಲೆ ಬಿಟ್ಟುಕೊಡುತ್ತದೆ. ಬಟ್ಟೆಯದು ಮಧ್ಯಮ. ರೆಕ್ಸಿನ್ ಅಸ್ತರಿ ಏನನ್ನೂ ಹೀರುವುದಿಲ್ಲ. ಬೆವರೆಲ್ಲ ಕಾಲುಚೀಲದಲ್ಲೇ ನಿಂತು, ಮಧ್ಯಾಹ್ನಕ್ಕೆ ಪಾದ ಬೆಂದ ಹಾಗಾಗುತ್ತದೆ, ವಾಸನೆ ಬರುತ್ತದೆ. ಮಲೆನಾಡಿನ ತಂಪಿನಲ್ಲಿ ಇದು ನಡೆದೀತು. ನಲವತ್ತು ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯಲ್ಲಿ ನಡೆಯುವುದಿಲ್ಲ. ಬಜೆಟ್ ಕಡಿಮೆಯಿದ್ದರೆ ಹೊರಗಿನ ಚರ್ಮ ಸಾಧಾರಣದ್ದೇ ಇರಲಿ, ಒಳಗಿನ ಅಸ್ತರಿ ಮಾತ್ರ ಚರ್ಮದ್ದು ಇಲ್ಲವೇ ಬಟ್ಟೆಯದು ಇರಲಿ. ನನ್ನ ಆಯ್ಕೆ ಯಾವಾಗಲೂ ಇದೇ.

ಮೂರನೆಯದಾಗಿ ಒಳಹಾಸನ್ನು ಹೆಬ್ಬೆರಳಿಂದ ಒತ್ತಿ. ತುಂಬಾ ಮೆತ್ತಗೆ ದಿಂಬಿನ ಹಾಗಿದ್ದರೆ ಖುಷಿಪಡಬೇಡಿ. ಅಂಗಡಿಯಲ್ಲಿ ಎರಡು ನಿಮಿಷ ಹಿತವಾಗಿ ಕಾಣುವ ಸ್ಪಂಜು ಕೆಲವೇ ತಿಂಗಳಲ್ಲಿ ಚಪ್ಪಟೆಯಾಗಿ ಪಾದ ರಟ್ಟಿಗೆ ತಾಗುತ್ತದೆ. ಒತ್ತಿದಾಗ ತುಸು ತಗ್ಗಿ, ಕೈ ತೆಗೆದ ಕೂಡಲೇ ಮೇಲೆ ಬರಬೇಕು. ಹಿಮ್ಮಡಿಯ ಕಡೆ ಹಾಸು ಮೇಲೆತ್ತಲು ಬಂದರೆ ಎತ್ತಿ, ಕೆಳಗೆ ಏನಿದೆ ನೋಡಿ.

ಕೊನೆಗೆ ಬಿಳಿ ಕರ್ಚೀಫನ್ನು ತುಸು ಒದ್ದೆ ಮಾಡಿ ಒಳಗೂ ಹೊರಗೂ ಒಂದು ಸಲ ಉಜ್ಜಿ. ಕಪ್ಪು ಬಣ್ಣ ಹತ್ತಿದರೆ ಬೆವರಿಗೆ ಕಾಲುಚೀಲಕ್ಕೂ ಹತ್ತುತ್ತದೆ.

ಹಂತ 4: ಮೇಲ್ಚರ್ಮ ಪರೀಕ್ಷಿಸಿ

ಕಪ್ಪು ಶೂನಲ್ಲಿ ಮೋಸ ಹೋಗುವುದು ಸುಲಭ, ಯಾಕೆಂದರೆ ಕಪ್ಪು ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಕಂದು ಶೂನಲ್ಲಿ ಚರ್ಮದ ಗುಣ ಎದ್ದು ಕಾಣುತ್ತದೆ, ಕಪ್ಪಿನಲ್ಲಿ ಹುಡುಕಬೇಕು.

ಚರ್ಮದಲ್ಲಿ ತರತಮ ಇದೆ. ಮೇಲ್ಪದರ ಹಾಗೇ ಉಳಿಸಿಕೊಂಡದ್ದು ಎಲ್ಲಕ್ಕಿಂತ ಗಟ್ಟಿ, ಗಾಳಿಯಾಡುತ್ತದೆ. ಮೇಲ್ಪದರವನ್ನು ಉಜ್ಜಿ ಕಲೆ ತೆಗೆದು, ಮೇಲೆ ದಪ್ಪ ಬಣ್ಣದ ಲೇಪ ಕೊಟ್ಟದ್ದು ಎರಡನೆಯದು. ಕನ್ನಡಿಯ ಹಾಗೆ ಹೊಳೆಯುವ, ಪಾಲಿಶ್ ಬೇಕಿಲ್ಲ ಅನ್ನುವ ಶೂಗಳಲ್ಲಿ ಬಹಳಷ್ಟು ಈ ಜಾತಿಯವು. ಚರ್ಮವನ್ನು ಅಡ್ಡಲಾಗಿ ಸೀಳಿದಾಗ ಸಿಗುವ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟದ್ದು ಮೂರನೆಯದು. ಕೊನೆಗೆ ಚರ್ಮವೇ ಅಲ್ಲದ ರೆಕ್ಸಿನ್. "ಜೆನ್ಯೂನ್ ಲೆದರ್" ಎಂಬ ಮುದ್ರೆ ಮೊದಲ ಮೂರಕ್ಕೂ ಬೀಳಬಹುದು. ಅದು ಚರ್ಮ ಅನ್ನುವುದನ್ನು ಹೇಳುತ್ತದೆ, ಎಂಥ ಚರ್ಮ ಅನ್ನುವುದನ್ನು ಹೇಳುವುದಿಲ್ಲ.

ಮೂತಿಗೂ ಲೇಸಿಗೂ ನಡುವಿನ ಜಾಗವನ್ನು ಹೆಬ್ಬೆರಳಿಂದ ಒತ್ತಿ. ಒಳ್ಳೆಯ ಚರ್ಮದಲ್ಲಿ ಬೆರಳ ಸುತ್ತ ಸಣ್ಣಸಣ್ಣ ಸುಕ್ಕು ಎದ್ದು, ಕೈ ತೆಗೆದಾಗ ಮಾಯವಾಗುತ್ತದೆ, ನಮ್ಮ ಕೈಮೇಲಿನ ಚರ್ಮದ ಹಾಗೆ. ಲೇಪ ದಪ್ಪವಾಗಿದ್ದರೆ ಒಂದೇ ದೊಡ್ಡ ತಗ್ಗು ಬೀಳುತ್ತದೆ, ಸುಕ್ಕು ಬೀಳುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ರಂಧ್ರಗಳನ್ನು ನೋಡಿ. ಅಸಲಿ ಚರ್ಮದಲ್ಲಿ ಅವು ಒಂದೇ ಸಮ ಇರುವುದಿಲ್ಲ, ಕೆಲವು ಕಡೆ ಒತ್ತಾಗಿ ಕೆಲವು ಕಡೆ ವಿರಳವಾಗಿ ಇರುತ್ತವೆ. ಯಂತ್ರದಲ್ಲಿ ಅಚ್ಚೊತ್ತಿದ್ದು ಇಡೀ ಶೂ ತುಂಬ ಒಂದೇ ವಿನ್ಯಾಸ. ಲೇಸಿನ ಪಟ್ಟಿಯ, ನಾಲಗೆಯ ಕತ್ತರಿಸಿದ ಅಂಚು ಎಲ್ಲಾದರೂ ಕಂಡರೆ ಅದೇ ದೊಡ್ಡ ಸಾಕ್ಷಿ: ಚರ್ಮವಾದರೆ ನಾರುನಾರಾಗಿ ಕಾಣುತ್ತದೆ, ರೆಕ್ಸಿನ್ ಆದರೆ ಪ್ಲಾಸ್ಟಿಕ್ ಪದರದ ಹಿಂದೆ ನೇಯ್ದ ಬಟ್ಟೆ.

ನೀರಿನ ಹನಿ ಹಾಕಿ ನೋಡಿ, ಬೆಂಕಿ ತಾಗಿಸಿ ನೋಡಿ ಅಂತ ಹಲವರು ಹೇಳುತ್ತಾರೆ. ಕಪ್ಪು ಶೂಗೆ ನೀರಿನ ಪರೀಕ್ಷೆ ನಂಬಿಕೆಗೆ ಬರುವುದಿಲ್ಲ, ಪಾಲಿಶ್ ಇದ್ದರೆ ಒಳ್ಳೆಯ ಚರ್ಮವೂ ನೀರು ಹೀರುವುದಿಲ್ಲ. ಬೆಂಕಿಯಂತೂ ಬೇಡವೇ ಬೇಡ.

ಸೋಲ್ ಅಡಿಯಲ್ಲೋ ನಾಲಗೆ ಒಳಗೋ ಸಣ್ಣ ಚಿತ್ರಗಳು ಇರುವ ಶೂಗಳಿವೆ. ಹರಡಿದ ತೊಗಲಿನ ಆಕಾರ ಇದ್ದರೆ ಚರ್ಮ, ತೊಗಲಿನ ನಡುವೆ ವಜ್ರಾಕೃತಿ ಇದ್ದರೆ ಲೇಪ ಕೊಟ್ಟ ಚರ್ಮ, ನೇಯ್ಗೆಯ ಜಾಲರಿ ಇದ್ದರೆ ಬಟ್ಟೆ, ಬರೀ ವಜ್ರಾಕೃತಿ ಇದ್ದರೆ ಬೇರೆ ವಸ್ತು. ಮೇಲ್ಭಾಗ, ಅಸ್ತರಿ, ಸೋಲ್ ಮೂರಕ್ಕೂ ಬೇರೆಬೇರೆ ಗುರುತು ಇರುತ್ತದೆ. ಯುರೋಪಿನ ನಿಯಮದಿಂದ ಬಂದ ಗುರುತುಗಳು ಇವು, ಕಂಡರೆ ಓದಿಕೊಳ್ಳಿ.

ನಮ್ಮ ಬಯಲಲ್ಲಿ, ರೈಲು ಹಳಿಯ ಪಕ್ಕದಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಎಲ್ಲರಿಗೂ ಗೊತ್ತು. ಅದರ ತೊಗಟೆಯಲ್ಲಿ ತೊಗಲು ಹದ ಮಾಡುವುದು ದಕ್ಷಿಣ ಭಾರತದ ಹಳೆಯ ಕಸುಬು. ಈಗಿನ ಶೂಗಳ ಮೇಲ್ಚರ್ಮ ಹೆಚ್ಚಾಗಿ ಕ್ರೋಮಿಯಂ ಲವಣದಲ್ಲಿ ಹದವಾಗುತ್ತದೆ, ಮೃದುವಾಗಿರುತ್ತದೆ. ತೊಗಟೆಯಲ್ಲಿ ಹದವಾದ ಚರ್ಮ ಗಟ್ಟಿ, ಅಟ್ಟೆಗೆ ಹೇಳಿ ಮಾಡಿಸಿದ್ದು. ಅಜ್ಜ ತೋರಿಸಿದ ಆ ಹಳೇ ಶೂನ ಒಳಅಟ್ಟೆ ಅಂಥದೇ.

ಹಂತ 5: ಸೋಲ್ ತಿರುಗಿಸಿ ನೋಡಿ

ನನ್ನ ಶೂ ಪುಡಿಯಾದದ್ದು ಅದರ ಸೋಲ್ ಪಿಯು, ಅಂದರೆ ಪಾಲಿಯುರೆಥೇನ್ ಆಗಿದ್ದರಿಂದ. ಹಗುರ, ಮೆತ್ತಗೆ, ನಡೆಯಲು ಹಿತ. ಆದರೆ ಗಾಳಿಯ ತೇವ ಈ ವಸ್ತುವನ್ನು ಒಳಗಿಂದೊಳಗೇ ಒಡೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಂದು ದಿನ ಕಾಲಿಟ್ಟಾಗ ಕುಸಿಯುತ್ತದೆ. ಬಿಸಿ ಸೇರಿದರೆ ಇನ್ನೂ ಬೇಗ. ಬಳಸದೆ ಡಬ್ಬದಲ್ಲಿ ಮುಚ್ಚಿಟ್ಟರೆ ಕಾಪಾಡಿದ ಹಾಗಲ್ಲ, ಆಗಾಗ ಹಾಕಿಕೊಂಡು ನಡೆದ ಶೂಗಳೇ ಹೆಚ್ಚು ಬಾಳುತ್ತವೆ. ಆದ್ದರಿಂದ ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಪ್ಯಾಕ್ ಮಾಡಿದ ವಸ್ತುವಿಗೆ ಅದನ್ನು ಮುದ್ರಿಸುವುದು ಕಾನೂನಿನ ನಿಯಮ. ಅರ್ಧ ಬೆಲೆಗೆ ಕೊಡುವ ಹಳೇ ಸ್ಟಾಕಿನಲ್ಲಿ ಪಿಯು ಸೋಲ್ ಇದ್ದರೆ ನಾನು ಮುಟ್ಟುವುದಿಲ್ಲ. ಮದುವೆಗೆ ಮಾತ್ರ ಹಾಕುವ ಶೂ ಬೇಕಾದರೆ ಪಿಯು ಬಿಟ್ಟು ರಬ್ಬರ್ ಇಲ್ಲವೇ ಚರ್ಮದ ಸೋಲ್ ಆರಿಸಿ.

ಟಿಪಿಆರ್, ಅಂದರೆ ಥರ್ಮೋಪ್ಲಾಸ್ಟಿಕ್ ರಬ್ಬರ್ ಸೋಲ್ ಹೀಗೆ ಪುಡಿಯಾಗುವುದಿಲ್ಲ, ಹಿಡಿತ ಚೆನ್ನಾಗಿದೆ, ಬೆಲೆಯೂ ಕಡಿಮೆ. ಬಿಸಿಗೆ ಮೆತ್ತಗಾಗುವ ಗುಣ ಇರುವುದರಿಂದ ಕಾದ ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಪಿವಿಸಿ ಎಂಬ ಪ್ಲಾಸ್ಟಿಕ್ ಸೋಲ್ ಅಗ್ಗ, ಭಾರ, ಗಟ್ಟಿ. ಒರೆಸಿದ ಆಸ್ಪತ್ರೆ ನೆಲದ ಮೇಲೆ ಜಾರುತ್ತದೆ, ನನ್ನ ಸಹೋದ್ಯೋಗಿಯೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡದ್ದು ಇಂಥದ್ದರಲ್ಲೇ. ಚರ್ಮದ ಸೋಲ್ ಅಂದ, ಗಾಳಿಯಾಡುತ್ತದೆ, ಆದರೆ ಮಳೆಗೆ ಆಗದು, ನುಣುಪು ಗ್ರಾನೈಟಿಗೂ ಆಗದು. ದಿನವಿಡೀ ಓಡಾಡುವವರಿಗೆ ರಬ್ಬರ್ ಸೋಲೇ ನನ್ನ ಸಲಹೆ. ಸ್ವಲ್ಪ ಭಾರ ಅನ್ನಿಸಿದರೂ ಸಹಿಸಿಕೊಳ್ಳಿ.

ಮೇಲ್ಭಾಗಕ್ಕೆ ಸೋಲ್ ಹೇಗೆ ಕೂಡಿದೆ ಅನ್ನುವುದು ಇನ್ನೊಂದು ವಿಷಯ. ಬಹುಪಾಲು ಶೂಗಳು ಪೇಸ್ಟಿಂಗ್, ಬರೀ ಅಂಟು. ಅಂಟು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಚೆನ್ನಾಗಿ ಅಂಟಿಸಿದ್ದು ವರ್ಷಗಟ್ಟಲೆ ಬರುತ್ತದೆ. ಸುತ್ತಲೂ ಸೇರಿದ ಗೆರೆಯಲ್ಲಿ ಉಗುರು ಓಡಿಸಿ, ಎಲ್ಲೂ ಒಳಗೆ ಹೋಗಬಾರದು. ಆದರೆ ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಬ್ಬದಲ್ಲೋ ಕಾರಿನಲ್ಲೋ ಅಂಟಿನ ಶೂ ಬಿಟ್ಟರೆ ಅಂಟು ಸಡಿಲಾಗಿ ಮೂತಿ ಬಾಯಿ ಬಿಡುತ್ತದೆ.

ಹೊಲಿದ ಸೋಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬ್ಲೇಕ್ ಹೊಲಿಗೆ, 1858ರಲ್ಲಿ ಅಮೆರಿಕದ ಲೈಮನ್ ಬ್ಲೇಕ್ ಪೇಟೆಂಟ್ ಪಡೆದ ಯಂತ್ರದ್ದು. ಒಳಗಿನಿಂದ ನೇರ ಸೋಲಿಗೆ ಹೊಲಿದಿರುತ್ತದೆ, ಒಳಹಾಸು ಎತ್ತಿದರೆ ಹೊಲಿಗೆ ಸಾಲು ಕಾಣುತ್ತದೆ. ಇನ್ನೊಂದು ಗುಡ್‌ಇಯರ್ ವೆಲ್ಟ್. ರಬ್ಬರನ್ನು ಹದ ಮಾಡುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗನ ಹೆಸರಿಗೆ ನಿಂತ ವಿಧಾನ ಇದು. ಶೂ ಸುತ್ತ ಒಂದು ಚರ್ಮದ ಪಟ್ಟಿ ಹೊಲಿದು, ಸೋಲನ್ನು ಆ ಪಟ್ಟಿಗೆ ಹೊಲಿಯುತ್ತಾರೆ. ಸೋಲ್ ಸವೆದಾಗ ಮೇಲ್ಭಾಗಕ್ಕೆ ಪೆಟ್ಟಾಗದೆ ಬಿಚ್ಚಿ ಹೊಸದು ಹಾಕಬಹುದು. ಬೆಲೆ ಹೆಚ್ಚು.

ಇಲ್ಲಿ ಒಂದು ಎಚ್ಚರ. ಸೋಲಿನ ಅಂಚಿನ ಮೇಲೆ ಹೊಲಿಗೆಯ ಸಾಲು ಕಂಡ ಮಾತ್ರಕ್ಕೆ ಹೊಲಿದ ಶೂ ಅಲ್ಲ. ಅಚ್ಚಿನಲ್ಲೇ ಹೊಲಿಗೆಯ ಆಕಾರ ಎರಕ ಹೊಯ್ದು ಬಿಡುತ್ತಾರೆ. ಉಗುರಿಂದ ಒಂದು ಹೊಲಿಗೆ ಮೀಟಿ ನೋಡಿ. ದಾರವಾದರೆ ನಾರು ಸಿಗುತ್ತದೆ, ಎರಡು ತುದಿಯಲ್ಲೂ ಸೂಜಿ ತೂತು ಕಾಣುತ್ತದೆ. ಎರಕವಾದರೆ ಅದು ಸೋಲಿನದೇ ಉಬ್ಬು. ಹಾಗೆಯೇ ದಾರ ಮೇಲಿನ ಪಟ್ಟಿಯಲ್ಲಿ ಮಾತ್ರ ಇದ್ದು ಸೋಲಿನ ಅಡಿಯಲ್ಲಿ ಎಲ್ಲೂ ಕಾಣದಿದ್ದರೆ ಅದು ಅಲಂಕಾರದ ಹೊಲಿಗೆಯೇ ಇರಬಹುದು, ಅಂಗಡಿಯವರನ್ನು ಬಿಡಿಸಿ ಕೇಳಿ.

ಹಂತ 6: ಮಡಚಿ, ಹಿಂಡಿ, ಟೇಬಲ್ ಮೇಲಿಟ್ಟು ನೋಡಿ

ಮೂತಿ, ಹಿಮ್ಮಡಿ ಎರಡನ್ನೂ ಹಿಡಿದು ಮೆಲ್ಲಗೆ ಮಡಚಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಮಡಚಬೇಕು. ನಟ್ಟನಡುವೆ ಮಡಚಿದರೆ ಪಾದದ ಕಮಾನಿಗೆ ಆಧಾರ ಕೊಡುವ ಶ್ಯಾಂಕ್ ಎಂಬ ಗಟ್ಟಿ ಪಟ್ಟಿ ಒಳಗಿಲ್ಲ, ಅಥವಾ ಬಹಳ ತೆಳುವಾಗಿದೆ ಅಂತ ಅರ್ಥ. ಅಂಥ ಶೂನಲ್ಲಿ ಒಂದು ದಿನ ನಿಂತರೆ ಸಂಜೆಗೆ ಅಂಗಾಲು ಸೆಳೆಯುತ್ತದೆ, ನೋವು ಮೀನಖಂಡದವರೆಗೂ ಏರುತ್ತದೆ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿಯೂ ನೋಡಿ, ನಡುಭಾಗ ತುಸು ಬಿಗಿಯಾಗಿಯೇ ನಿಲ್ಲಬೇಕು. ಹಿಮ್ಮಡಿಯ ಹಿಂಗೋಡೆಯನ್ನು ಎರಡು ಬೆರಳಲ್ಲಿ ಒತ್ತಿ, ಒಳಗೆ ಕುಸಿದರೆ ಬೇಡ.

ಎರಡೂ ಶೂಗಳನ್ನು ಗಾಜಿನ ಟೇಬಲ್ ಮೇಲೆ ಜೋಡಿಸಿಟ್ಟು ಬಗ್ಗಿ ಹಿಂದಿನಿಂದ ನೋಡಿ. ಹಿಮ್ಮಡಿ ನೆಟ್ಟಗಿರಬೇಕು, ಅಲ್ಲಾಡಬಾರದು. ಎರಡರ ಎತ್ತರ, ಮೂತಿಯ ಹೊಲಿಗೆಯ ಜಾಗ ಒಂದೇ ಆಗಿರಬೇಕು. ಮೂತಿಯ ತುದಿ ನೆಲದಿಂದ ಸ್ವಲ್ಪ ಮೇಲೆದ್ದಿರುವುದು ದೋಷವಲ್ಲ, ಹೆಜ್ಜೆ ಉರುಳಲು ಬೇಕಾದದ್ದೇ.

ಹಂತ 7: ಹಾಕಿಕೊಂಡು ನಡೆಯಿರಿ

ಅಂಗಡಿಯಲ್ಲಿ ಕುರ್ಚಿ ಮೇಲೆ ಕೂತು ಕಾಲು ತೂರಿಸಿ, ಎದ್ದು ಎರಡು ಹೆಜ್ಜೆ ಹಾಕಿ "ಸರಿ ಐತಿ" ಅನ್ನುವುದು ನಮ್ಮೆಲ್ಲರ ಅಭ್ಯಾಸ. ಕನಿಷ್ಠ ಹತ್ತು ನಿಮಿಷ ಹಾಕಿಕೊಂಡಿರಿ. ಎರಡೂ ಕಾಲಿಗೆ ಹಾಕಿ, ಲೇಸ್ ಪೂರ್ತಿ ಕಟ್ಟಿ.

ನಿಂತಾಗ ಉದ್ದನೆಯ ಬೆರಳ ಮುಂದೆ ಹೆಬ್ಬೆರಳಗಲ ಜಾಗ, ಸುಮಾರು 10ರಿಂದ 12 ಮಿ.ಮೀ. ಇರಬೇಕು. ಮೂತಿ ಗಟ್ಟಿಯಾಗಿದ್ದರೆ ಮೇಲಿಂದ ಒತ್ತಿದರೆ ತಿಳಿಯುವುದಿಲ್ಲ. ಲೇಸ್ ಬಿಚ್ಚಿ, ಬೆರಳುಗಳು ಮುಂದಕ್ಕೆ ತಾಗುವವರೆಗೆ ಪಾದ ಸರಿಸಿ, ಹಿಮ್ಮಡಿ ಹಿಂದೆ ತೋರುಬೆರಳು ಸಲೀಸಾಗಿ ಇಳಿಯುತ್ತದೆಯೇ ನೋಡಿ. ಪಾದದ ಅತಿ ಅಗಲದ ಜಾಗ ಶೂನ ಅತಿ ಅಗಲದ ಜಾಗದಲ್ಲೇ ಕೂರಬೇಕು. ಉದ್ದ ಸರಿಯಿದ್ದೂ ಇದು ತಪ್ಪಿದರೆ ಶೂ ಮಡಚುವಾಗಲೆಲ್ಲ ಚರ್ಮ ಬೆರಳ ಮೇಲೆ ಕುಟುಕುತ್ತದೆ.

ಆಕ್ಸ್‌ಫರ್ಡ್ ಆದರೆ ಲೇಸ್ ಕಟ್ಟಿದ ಮೇಲೆ ಎರಡು ಪಟ್ಟಿಗಳ ನಡುವೆ ಸುಮಾರು ಒಂದು ಸೆಂಟಿಮೀಟರ್ ಸಂದು ಇರಲಿ. ಚರ್ಮ ಮುಂದೆ ಸಡಿಲವಾದಾಗ ಬಿಗಿಯಲು ಆ ಸಂದು ಬೇಕು. ಈಗಲೇ ಪೂರ್ತಿ ಮುಚ್ಚಿಕೊಂಡರೆ ಶೂ ದೊಡ್ಡದು. ಅಗಲವಾಗಿ ಬಾಯಿ ತೆರೆದುಕೊಂಡರೆ ಚಿಕ್ಕದು.

ನಡೆಯಿರಿ. ಅಂಗಡಿಯೊಳಗಿನ ಕಾರ್ಪೆಟ್ ಬಿಟ್ಟು ಕಲ್ಲಿನ ನೆಲದ ಮೇಲೆ ನಡೆಯಿರಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಹತ್ತುವಾಗ ಹಿಮ್ಮಡಿ ಕೂದಲೆಳೆಯಷ್ಟು ಎದ್ದರೆ ಚಿಂತೆಯಿಲ್ಲ, ಗಟ್ಟಿ ಸೋಲಿನ ಹೊಸ ಶೂ ಹಾಗೇ, ಬಳಸುತ್ತ ಸರಿಹೋಗುತ್ತದೆ. ಕಾಲೇ ಹೊರಗೆ ಬರುವಂತಿದ್ದರೆ ಬೇಡ. ಇಳಿಯುವಾಗ ಬೆರಳು ಮೂತಿಗೆ ಗುದ್ದಬಾರದು. ಶೂನ ಮೇಲಂಚು ಕಣಕಾಲಿನ ಗೆಣ್ಣಿಗೆ ತಾಗುತ್ತದೆಯೇ ಗಮನಿಸಿ, ತಾಗಿದರೆ ಎಷ್ಟು ಚೆಂದದ ಶೂ ಆದರೂ ವಾಪಸ್ ಇಡಿ.

"ಹಾಕ್ತಾ ಹಾಕ್ತಾ ಲೂಸ್ ಆಗ್ತೈತ್ರಿ" ಅನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಚರ್ಮ ಅಗಲಕ್ಕೆ ತುಸು ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ರೆಕ್ಸಿನ್ ಯಾವುದಕ್ಕೂ ಹಿಗ್ಗುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು, ನಾನು ದಿನಾ ಆಸ್ಪತ್ರೆಗಳಲ್ಲಿ ಕಾಣುವುದರಿಂದ ಹೇಳುತ್ತಿದ್ದೇನೆ. ಪಾದದ ಸ್ಪರ್ಶ ಮಂಕಾಗಿದ್ದರೆ ಶೂ ಕಚ್ಚುವುದೇ ತಿಳಿಯುವುದಿಲ್ಲ, ಗಾಯ ಹುಣ್ಣಾದ ಮೇಲೆ ತಿಳಿಯುತ್ತದೆ. ನಿಮ್ಮ ಕಾಲಿನ ಅನಿಸಿಕೆ ನಂಬಬೇಡಿ, ಪಾದದ ಚಿತ್ರದ ಅಳತೆ ನಂಬಿ. ಮೂತಿ ಅಗಲ, ಅಸ್ತರಿ ಮೆತ್ತಗೆ, ಒಳಗೆ ಉಬ್ಬು ಹೊಲಿಗೆ ಇಲ್ಲದ್ದು ಆರಿಸಿ, ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ. ದಿನಾ ರಾತ್ರಿ ಪಾದ ನೋಡಿಕೊಳ್ಳಿ.

ಆನ್‌ಲೈನ್ ಮತ್ತು ಬೆಲೆ

ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ಮಾಡುವ ಅವಕಾಶ ಇದೆಯೇ ನೋಡಿ, ಬಂದ ಸಂಜೆಯೇ ಮೇಲಿನ ಎಲ್ಲ ಪರೀಕ್ಷೆ ಮನೆಯಲ್ಲಿ ಮಾಡಿ. ಸೋಲ್ ಮಣ್ಣಾಗದಂತೆ ಚಾಪೆಯ ಮೇಲೆ ನಡೆಯಿರಿ. ಅಸಲಿ ಚರ್ಮದ ಶೂ ಬೇಕೆನ್ನುವವರು ನಮ್ಮ ರಾಜ್ಯ ಸರ್ಕಾರದ್ದೇ ಆದ ಲಿಡ್ಕರ್ ಉತ್ಪನ್ನಗಳನ್ನೂ ನೋಡಬಹುದು. 1976ರಲ್ಲಿ ಶುರುವಾದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಅದು, ಚರ್ಮ ಕುಶಲಕರ್ಮಿಗಳ ಏಳಿಗೆಗೆಂದೇ ಹುಟ್ಟಿದ್ದು. ಯಾವುದೇ ಶೂ ಆಗಲಿ, ಬೆಲೆಯನ್ನು ಹಾಕುವ ದಿನಗಳಿಂದ ಭಾಗಿಸಿ ನೋಡಿ. ಸಾವಿರ ರೂಪಾಯಿಯದು ಇನ್ನೂರು ದಿನಕ್ಕೆ ಹರಿದರೆ ದಿನಕ್ಕೆ ಐದು ರೂಪಾಯಿ. ಮೂರು ಸಾವಿರದ್ದು ಸಾವಿರ ದಿನ ಬಂದರೆ ಮೂರೇ ರೂಪಾಯಿ, ಕಾಲೂ ಉಳಿಯುತ್ತದೆ.

ತಂದ ಮೇಲೆ

ಮೊದಲ ವಾರ ಮನೆಯೊಳಗೇ ದಿನಾ ಅರ್ಧ ತಾಸು ಹಾಕಿಕೊಂಡು ಓಡಾಡಿ, ಕಡಪ ಕಲ್ಲೋ ಶಹಾಬಾದ್ ಕಲ್ಲೋ ಯಾವುದಾದರೂ ಸರಿ. ಹೊಸ ಶೂ ಹಾಕಿಕೊಂಡು ನೇರ ಕೊಪ್ಪಳದ ಗವಿಮಠದ ಜಾತ್ರೆಗೋ ಇಂಟರ್‌ವ್ಯೂಗೋ ಹೋಗಬೇಡಿ. ಬಿಲ್ಲು, ಡಬ್ಬ ಎರಡನ್ನೂ ಇಟ್ಟುಕೊಂಡಿರಿ. ಅಂಟು ಬಿಡುವುದಿದ್ದರೆ ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ ಬಿಡುತ್ತದೆ.

ಒಂದೇ ಜೋಡಿಯನ್ನು ದಿನಾ ಹಾಕದೆ, ಸಾಧ್ಯವಾದರೆ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒಳಗಿನ ಬೆವರು ಆರಲು ಒಂದು ಪೂರ್ತಿ ದಿನ ಬೇಕು. ರಾತ್ರಿ ಹಳೇ ಪೇಪರ್ ಮುದ್ದೆ ಮಾಡಿ ಒಳಗೆ ತುಂಬಿದರೆ ತೇವ ಹೀರುತ್ತದೆ, ಆಕಾರವೂ ನಿಲ್ಲುತ್ತದೆ. ಮಳೆಗೆ ನೆನೆದರೆ ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಚರ್ಮ ಬಿರಿಯುತ್ತದೆ. ಫ್ಯಾನ್ ಗಾಳಿ ಸಾಕು. ಬೆಳಿಗ್ಗೆ ಹಾಕಿಕೊಳ್ಳುವ ಮುನ್ನ ಬೋರಲು ಹಿಡಿದು ಕೊಡವಿ. ನಮ್ಮ ಹಳ್ಳಿಗಳಲ್ಲಿ ಚೇಳು ಶೂ ಒಳಗೆ ಸೇರುವುದು ಹೊಸದಲ್ಲ.

ತೋರಣಗಲ್ಲು, ಸಂಡೂರಿನ ಕಡೆ ಓಡಾಡುವವರಿಗೆ ಅದಿರಿನ ಕೆಂಪು ಧೂಳು ದೊಡ್ಡ ಶತ್ರು. ಧೂಳಿನ ಮೇಲೇ ಪಾಲಿಶ್ ಹಚ್ಚಿದರೆ ಮರಳು ಕಾಗದದಲ್ಲಿ ತಿಕ್ಕಿದ ಹಾಗೆ. ಮೊದಲು ಬ್ರಷ್ಷಿನಿಂದ ಕೊಡವಿ, ಸೋಲ್ ಸೇರುವ ಸಂದಿಯಲ್ಲಿ ಹಳೇ ಹಲ್ಲಿನ ಬ್ರಷ್ ಆಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆರಿಸಿ, ಆಮೇಲೆ ಡಬ್ಬಿಯ ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ. ಹತ್ತು ನಿಮಿಷ ಬಿಟ್ಟು ಉಜ್ಜಿ. ಸ್ಪಂಜಿನ ಬಾಟಲಿಯ ದ್ರವ ಪಾಲಿಶ್ ತುರ್ತಿಗೆ ಮಾತ್ರ ಇರಲಿ. ದಿನಾ ಹಚ್ಚಿದರೆ ಪದರ ಕಟ್ಟಿ, ಮಡಚುವ ಜಾಗದಲ್ಲಿ ಬಿರುಕು ಕಾಣುತ್ತದೆ. ಸಿರುಗುಪ್ಪ, ಸಿಂಧನೂರಿನ ಎರೆಮಣ್ಣು ಹತ್ತಿದರೆ ಹಸಿಯಲ್ಲೇ ಒರೆಸಿಬಿಡಿ.

ಹಿಮ್ಮಡಿಯ ಅಂಚು ಒಂದು ಕಡೆ ಸವೆಯಲು ಶುರುವಾದ ಕೂಡಲೇ ರಿಪೇರಿಗೆ ಒಯ್ಯಿರಿ. ರಬ್ಬರಿನ ಪದರ ಮಾತ್ರ ಸವೆದಿದ್ದರೆ ಅದೊಂದನ್ನೇ ಬದಲಿಸಿದರೆ ಮುಗಿಯಿತು, ಮೂರ್ನಾಲ್ಕು ವಾರ ತಡ ಮಾಡಿದರೆ ಒಳಗಿನ ಹಿಮ್ಮಡಿಯೂ ತಿಂದುಹೋಗಿ ಶೂ ವಾಲುತ್ತದೆ. ನನ್ನ ಈಗಿನ ಜೋಡಿಗೆ ಬಸ್ ನಿಲ್ದಾಣದ ಅಜ್ಜ ಎರಡು ಸಲ ಸೋಲ್ ಹಾಕಿದ್ದಾರೆ. ಹೋದ ಸಲ ಕೊಟ್ಟಾಗ ಒಳಗೆ ಕೈ ಹಾಕಿ ನೋಡಿ, "ಈಗ ನಿನ್ನ ಕಾಲು ಮೂಡೇತಿ ನೋಡು" ಅಂದರು. ನಾನೂ ಕೈ ಹಾಕಿ ಮುಟ್ಟಿದೆ, ಐದು ಬೆರಳಿನ ತಗ್ಗು ಸಿಕ್ಕಿತು.